ಆರ್ಡಿಸ್ ಮಾಡಿದ ಹಗುರ ಡ್ರೆಸ್ಸಿಂಗ್

ನಮ್ಮ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ಅಕ್ಕ ಆರ್ಡಿಸ್ ಹೆಸರೆತ್ತಿದರೆ ಮೊದಲು ಅವಳು ಸಲಾಡಿನ ಮೇಲೆ ಸುರಿಯಲು ಮಾಡುವ ಬೆಳ್ಳುಳ್ಳಿ ಡ್ರೆಸ್ಸಿಂಗಿನ ಮಾತೇ ಬರುತ್ತದೆ. ಕೆರೆ ದಂಡೆಯ ಸಪ್ಪರ್ ಕ್ಲಬ್ ಎಂಬ ರಾತ್ರಿಯೂಟದ ಹೋಟೆಲಿನಲ್ಲಿ ಸಲಾಡ್ ಮೇಜು ಅವಳದು. ಅಡುಗೆಯವರು ಬಂದರು, ಹೋದರು. ಮಾಲೀಕರೂ ಬದಲಾದರು. ಆ ಮೇಜಿನ ಹಿಂದೆ ಅವಳೊಬ್ಬಳು ಹಾಗೇ ಉಳಿದಳು. ಶುಕ್ರವಾರ ಕರಿದ ಮೀನು ತಿನ್ನಲು ಬಂದವರು ಮೀನು ಬರುವ ಮೊದಲೇ ಲೆಟ್ಯೂಸ್ ಸೊಪ್ಪನ್ನು ಆ ಡ್ರೆಸ್ಸಿಂಗಿನಲ್ಲಿ ಮುಳುಗಿಸಿ ತಿಂದು, ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿಬಿಡುತ್ತಿದ್ದರು. ಮೊಟ್ಟೆ, ಎಣ್ಣೆ, ಕೆನೆ, ಮೇಲೆ ಇನ್ನಷ್ಟು ಕೆನೆ. ವಿಸ್ಕಾನ್ಸಿನ್ನಿನ ಹಾಲಿನ ಸೀಮೆಯವರು ನಾವು. ಕೆನೆಗೆ ಹೆದರುವ ಜನ ಆಗಿನ್ನೂ ಇಲ್ಲಿ ಹುಟ್ಟಿರಲಿಲ್ಲ.

ಆ ಡ್ರೆಸ್ಸಿಂಗಿನ ಮೊದಲ ಭಕ್ತ ಅವಳ ಗಂಡ ಡೆಲ್ಮರ್. ಚಳಿಗಾಲದಲ್ಲಿ ಕೌಂಟಿಯ, ಅಂದರೆ ನಮ್ಮ ಜಿಲ್ಲಾಡಳಿತದ, ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ. ಬಾಗಿಲಿನಷ್ಟು ಅಗಲದ ಆಳು, ಕೂತರೆ ಕುರ್ಚಿ ನರಳುತ್ತಿತ್ತು. ಅವನ ಲಾರಿ ಮುಂದೆ ಹೋದರೆ ಮಾತ್ರ ಶಾಲೆಯ ಬಸ್ಸು, ಹಾಲಿನ ಟ್ಯಾಂಕರು ಹಿಂದೆ ಹೊರಡುತ್ತಿದ್ದವು. ಅವನು ತಮಾಷೆಗಾರ. ನಾನೋ ಮೂಗಿನ ತುದಿಯಲ್ಲೇ ಸಿಟ್ಟಿರುವವನು, ಹೈಸ್ಕೂಲು ಮುಗಿಸದೆ ಚೀಸ್ ಫ್ಯಾಕ್ಟರಿ ಸೇರಿದವನು. ಆದರೂ ನಮ್ಮಿಬ್ಬರಿಗೆ ಹೊಂದಿಕೊಂಡಿತ್ತು. ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ. ನನಗೆ ಹೆಂಡತಿ ಇರಲಿಲ್ಲ, ಬಿಟ್ಟು ಹೋಗಿದ್ದಳು. ಹಾಗಾಗಿ ಭಾನುವಾರದ ಊಟ ನನಗೆ ಅಕ್ಕನ ಮನೆಯಲ್ಲೇ.

ಒಂದು ವಸಂತದಲ್ಲಿ ಕೌಂಟಿಯ ಡಾಕ್ಟರು ಡೆಲ್ಮರನನ್ನು ತಪಾಸಣೆ ಮಾಡಿ, ತೂಕ ಇಳಿಸದಿದ್ದರೆ ಬರುವ ಚಳಿಗಾಲಕ್ಕೆ ಲಾರಿ ಓಡಿಸಲು ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಡೆಲ್ಮರ್ ನಗುತ್ತಲೇ ಮನೆಗೆ ಬಂದ. ಆರ್ಡಿಸ್ ನಗಲಿಲ್ಲ. ಲಾರಿ ಕಿತ್ತುಕೊಂಡರೆ ಈ ಮನುಷ್ಯ ಕಿಟಕಿಯ ಬಳಿ ಕೂತು ಕೂತು ಸಾಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

“ಇವತ್ತಿಂದ ನಿಂಗೆ ರಾತ್ರಿ ಬರೀ ಸೊಪ್ಪು,” ಎಂದಳು.

“ನಾನು ಜಿಂಕೆ ಹೊಡೆದು ತಿನ್ನೋನು ಕಣೇ ಆರ್ಡಿ. ಜಿಂಕೆ ತಿನ್ನೋದನ್ನ ತಿನ್ನೋನಲ್ಲ.”

“ಆ ಹೊಟ್ಟೆ ನೋಡಿದ್ರೆ ಒಂದು ಜಿಂಕೆ ಇನ್ನೂ ಒಳಗೇ ಇದ್ದ ಹಾಗಿದೆ. ಅದಕ್ಕಾದ್ರೂ ಮೇವು ಹಾಕು.”

“ಹಾಕ್ತೀನಿ. ಆದ್ರೆ ಮೇಲೆ ನಿನ್ನ ಡ್ರೆಸ್ಸಿಂಗ್ ಇರ್ಬೇಕು. ಇಲ್ದಿದ್ರೆ ಮುಟ್ಟಲ್ಲ, ನಾನೇನು ಹಸು ಅಲ್ಲ, ಹೇಳಿಬಿಟ್ಟಿದೀನಿ.”

ಅಲ್ಲೇ ಇತ್ತು ತೊಡಕು. ಸೊಪ್ಪಿನಿಂದ ಇಳಿಯುವುದೆಲ್ಲ ಆ ಕೆನೆಯಿಂದ ಮತ್ತೆ ಏರುತ್ತದೆ. ಕೆನೆ ಇಲ್ಲದೆ ಅವನು ಸೊಪ್ಪು ಮುಟ್ಟುವುದಿಲ್ಲ.

ಆಗ ಅಂಗಡಿಗಳಲ್ಲಿ ಕೊಬ್ಬಿಲ್ಲದ ಡ್ರೆಸ್ಸಿಂಗಿನ ಬಾಟಲಿಗಳು ಬಂದಿದ್ದವು. ಆರ್ಡಿಸ್ ಒಂದೊಂದು ವಾರ ಒಂದೊಂದು ತಂದಳು. ಭಾನುವಾರ ನನ್ನನ್ನೂ ಕೂರಿಸಿ ಬಡಿಸುತ್ತಿದ್ದಳು.

“ಹೇಗಿದೆಯೋ ಲೈಲ್?”

“ಗೋಂದಿಗೆ ಸಕ್ಕರೆ ಹಾಕ್ದಂಗಿದೆ.”

“ಕೊಬ್ಬು ತೆಗ್ದಿದಾರಂತೆ,” ಎಂದ ಡೆಲ್ಮರ್. “ಪಾಪ, ರುಚಿ ಒಂಟಿಯಾಗಿ ಇರಲಾರದೆ ಅದರ ಹಿಂದೇ ಹೋಗಿದೆ.”

ಬಾಟಲಿಗಳು ತಿಪ್ಪೆ ಸೇರಿದವು. ಆಮೇಲೆ ತಾನೇ ಶುರು ಮಾಡಿದಳು. ಟೊಮೇಟೊ ರಸಕ್ಕೆ ವಿನೆಗರ್ ಹಾಕಿ ನೋಡಿದಳು, ಎಲೆಯ ಮೇಲೆ ನಿಲ್ಲದೆ ಬಟ್ಟಲ ತಳಕ್ಕೆ ಓಡಿತು. ಜೆಲಟಿನ್ ಹಾಕಿ ಗಟ್ಟಿ ಮಾಡಿದಳು, ಅಲುಗಾಡತೊಡಗಿತು. ಡೆಲ್ಮರ್ ಬಟ್ಟಲಿಗೆ ಕಿವಿಯಿಟ್ಟು, “ಉಸಿರಾಡ್ತಿದೆ, ಬದುಕಿದೆ,” ಎಂದ. ಮೊಸರಿನಲ್ಲಿ ಮಾಡಿದ್ದು ಪರವಾಗಿಲ್ಲ ಅನ್ನಿಸಿತು. ಆದರೆ ಆರ್ಡಿಸ್‌ಗೆ ‘ಪರವಾಗಿಲ್ಲ’ ಎಂಬ ಮಾತು ಬೈಗುಳವಿದ್ದಂತೆ. ಅದನ್ನೂ ಚೆಲ್ಲಿದಳು.

ದಾರಿ ಕೊನೆಗೆ ನಮ್ಮ ಫ್ಯಾಕ್ಟರಿಯಿಂದಲೇ ಸಿಕ್ಕಿತು. ಕಾಟೇಜ್ ಚೀಸ್ ಮಾಡಲು ಒಡೆಸಿದ ಹಾಲಿನ ಹರಳುಗಳನ್ನು ತೊಳೆದ ಮೇಲೆ ನಾವು ಕೆನೆ ಬೆರೆಸುತ್ತೇವೆ. ಬೆರೆಸುವ ಮುಂಚಿನ ಒಣ ಹರಳಿನಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಒಂದು ಡಬ್ಬಿ ಕೇಳಿದಳು, ತಂದುಕೊಟ್ಟೆ. ಅದನ್ನು ಮಜ್ಜಿಗೆ ಹಾಕಿ ಮಿಕ್ಸಿಯಲ್ಲಿ ತಿರುವಿದಳು, ಸಾಕೆನ್ನುವಷ್ಟು ತಿರುವಿ ಮತ್ತೂ ತಿರುವಿದಳು. ಹರಳು ಹರಳಾಗಿದ್ದದ್ದು ರೇಷ್ಮೆಯಾಯಿತು. ಹಸಿ ಬೆಳ್ಳುಳ್ಳಿಯ ಬದಲು ಒಲೆಯಲ್ಲಿ ಸುಟ್ಟು ಸಿಹಿಯಾದ ಬೆಳ್ಳುಳ್ಳಿ ಹಿಂಡಿದಳು. ಸೌತೆ ಉಪ್ಪಿನಕಾಯಿಯ ಭರಣಿಯ ನೀರು ಎರಡು ಚಮಚ, ಮೂಗಿಗೆ ಹತ್ತುವ ಹಾರ್ಸ್‌ರ್ಯಾಡಿಶ್ ಗೆಡ್ಡೆ ಚೂರು, ಸಾಸಿವೆ. ಬೆರಳದ್ದಿ ನೆಕ್ಕಲು ಹೋದರೆ ನನ್ನ ಕೈಗೆ ಹೊಡೆದಳು.

“ಬೆರಳಲ್ಲಿ ನೆಕ್ಕಿ ನೋಡಿದ್ರೆ ಅದು ಸುಳ್ಳು ಹೇಳುತ್ತೆ. ಎಲೆ ಮೇಲೆ ಹಾಕ್ಕೊಂಡು ತಿನ್ನು.”

ಎಲೆಯೂ ಹಾಗೇ ಅಲ್ಲ. ತೊಳೆದ ಲೆಟ್ಯೂಸನ್ನು ದಿಂಬಿನ ಚೀಲಕ್ಕೆ ತುಂಬಿ ಅಂಗಳದಲ್ಲಿ ನಿಂತು ಗರಗರನೆ ತಿರುಗಿಸುತ್ತಿದ್ದಳು. ನೀರು ಒಂದು ಹನಿ ಉಳಿಯಬಾರದು. ಒಣ ಎಲೆಗೆ ಡ್ರೆಸ್ಸಿಂಗ್ ಅಂಟುತ್ತದೆ, ಒದ್ದೆ ಎಲೆಯಿಂದ ಜಾರುತ್ತದೆ, ಜಾರಿದಷ್ಟೂ ಜನ ಇನ್ನಷ್ಟು ಸುರಿದುಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕ.

ಡೆಲ್ಮರ್ ಒಂದು ಎಲೆ ತಿಂದ. ಇನ್ನೊಂದು ತಿಂದ. ತಮಾಷೆ ಮಾಡಲಿಲ್ಲ. ಬಟ್ಟಲನ್ನು ಮುಂದಕ್ಕೆ ತಳ್ಳಿ, “ಇನ್ನೂ ಹಾಕು,” ಎಂದ. ಆರ್ಡಿಸ್ ಬೆನ್ನು ತಿರುಗಿಸಿ ಸಿಂಕಿನಲ್ಲಿ ಸುಮ್ಮನೆ ನೀರು ಬಿಟ್ಟಳು. ಅಳುತ್ತಿದ್ದಾಳೆಂದು ನಮ್ಮಿಬ್ಬರಿಗೂ ಗೊತ್ತಾಯಿತು.

ಮಂಗಳವಾರ ಸಂಜೆ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ತೂಕ ಇಳಿಸುವವರ ಸಂಘ ಸೇರುತ್ತಿತ್ತು. ಆರ್ಡಿಸ್ ಗಂಡನನ್ನು ಅಲ್ಲಿಗೂ ಎಳೆದುಕೊಂಡು ಹೋದಳು. ಪರದೆಯ ಹಿಂದೆ ತಕ್ಕಡಿ. ಒಬ್ಬೊಬ್ಬರಾಗಿ ಬೂಟು ಬಿಚ್ಚಿ ಹತ್ತಬೇಕು. ತೂಕ ಇಳಿದವರ ಹೆಸರನ್ನು ಸಂಘದ ಯಜಮಾನಿ ಯೂನಿಸ್ ಕೂಗಿ ಹೇಳುತ್ತಾಳೆ, ಕೈ ಕುಲುಕುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಏರಿದವರು ಮಣ್ಣಿನ ಹಂದಿ ಬೊಂಬೆಯೊಂದನ್ನು ಮನೆಗೆ ಒಯ್ದು ವಾರವಿಡೀ ಊಟದ ಮೇಜಿನ ಮೇಲಿಟ್ಟುಕೊಳ್ಳಬೇಕು. ವರ್ಷವಿಡೀ ಹೆಚ್ಚು ಇಳಿದವರಿಗೆ ಜನವರಿಯಲ್ಲಿ ಕಿರೀಟ, ಹೆಗಲಿಗೆ ಕೆಂಪು ವಸ್ತ್ರ. ಹೆಂಗಸಾದರೆ ರಾಣಿ, ಗಂಡಸಾದರೆ ರಾಜ. ಡೆಲ್ಮರ್ ಬರುವ ತನಕ ಅಲ್ಲಿ ರಾಜರೇ ಇರಲಿಲ್ಲ.

ಬೇಸಿಗೆಯಲ್ಲಿ ಅವನು ಇಳಿದ. ನಿಧಾನವಾಗಿ, ಒಂದು ವಾರ ಇಳಿದು ಒಂದು ವಾರ ಏರಿ, ಹಂದಿಯನ್ನೂ ಮನೆಗೆ ತಂದು ಅದಕ್ಕೆ ತನ್ನ ಟೋಪಿ ಹಾಕಿ. ಆರ್ಡಿಸ್ ಡ್ರೆಸ್ಸಿಂಗಿನ ಸೀಸೆಗಳನ್ನು ಸಂಘಕ್ಕೂ ಒಯ್ಯತೊಡಗಿದಳು. ಹೆಂಗಸರು ಮುಗಿಬಿದ್ದರು. ಸಪ್ಪರ್ ಕ್ಲಬ್ಬಿನಲ್ಲೂ ‘ಹಗುರದ್ದು ಕೊಡಿ’ ಎಂದು ಕೇಳುವವರಾದರು. ಅಕ್ಟೋಬರಿನಲ್ಲಿ ಡಾಕ್ಟರು ಡೆಲ್ಮರನ ಬೆನ್ನು ತಟ್ಟಿ ಸಹಿ ಹಾಕಿದರು. ಲಾರಿ ಉಳಿಯಿತು.

ಅಲ್ಲಿಗೆ ಕತೆ ಮುಗಿದಿದ್ದರೆ ನಾನು ಈ ಪೆನ್ನು ಹಿಡಿಯುತ್ತಿರಲಿಲ್ಲ.

ನವೆಂಬರಿನಿಂದ ಅವನು ಬೇಗ ಬೇಗ ಇಳಿಯತೊಡಗಿದ. ಒಂದು ವಾರವೂ ಏರಲಿಲ್ಲ. ಜಿಂಕೆ ಬೇಟೆಗೆ ಹೋದಾಗ ಮರಕ್ಕೊರಗಿ ನಿಂತಿದ್ದ.

“ಏನೋ, ಸುಸ್ತಾ?” ಎಂದೆ.

“ಕೊಬ್ಬು ಹೋಯ್ತಲ್ಲ ಮಾರಾಯ, ಕೋಟು ಬಿಚ್ಚಿಟ್ಟ ಹಾಗಾಗಿದೆ. ಚಳಿ. ಬೆನ್ನು ಬೇರೆ ಹಿಡ್ಕೊಂಡಿದೆ, ಆ ದರಿದ್ರ ಲಾರಿ ಸೀಟು.”

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುವಾರ ಸಂಘದಲ್ಲಿ ಎಲ್ಲರೂ ಏರುತ್ತಾರೆ. ಟರ್ಕಿ ಕೋಳಿ, ಬೆಣ್ಣೆ ಆಲೂಗಡ್ಡೆ, ಕುಂಬಳಕಾಯಿ ಪೈ ಯಾರನ್ನು ಬಿಡುತ್ತವೆ? ಆ ಸಂಜೆ ಯೂನಿಸಳೇ ಏರಿದ್ದಳು. ಒಂದೇ ಹಂದಿ, ಯಾರಿಗೆ ಕೊಡುವುದೆಂದು ನಗೆಯೋ ನಗೆ. ಡೆಲ್ಮರ್ ತಕ್ಕಡಿ ಹತ್ತಿದ. ಇಳಿದಿದ್ದ. ಒಂದು ಪೌಂಡಲ್ಲ, ನಾಲ್ಕು.

“ಪೈ ತಿಂದ್ಯಾ ಇಲ್ವಾ, ನಿಜ ಹೇಳು!” ಎಂದು ಒಬ್ಬಳು ಕೂಗಿದಳು.

“ಎರಡು ಹೋಳು ತಿಂದೆ. ಬೇಕಾದ್ರೆ ಆರ್ಡಿನ ಕೇಳಿ.”

“ಹಾಗಾದ್ರೆ ಅದು ಡ್ರೆಸ್ಸಿಂಗಿನ ಮಹಿಮೆ!”

ಇಡೀ ನೆಲಮಾಳಿಗೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವನಿಗಲ್ಲ, ಅವಳಿಗೆ. ಹಿಂದಿನ ಸಾಲಿನಲ್ಲಿ ಸೀಸೆಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನ ಅಕ್ಕ ಕೆಂಪೇರಿದಳು. ಬೇರೆ ಯಾವ ಕೂಟದಲ್ಲಾದರೂ ಎರಡು ಹೋಳು ಪೈ ತಿಂದ ಮನುಷ್ಯ ನಾಲ್ಕು ಪೌಂಡು ಕಳೆದುಕೊಂಡರೆ, ‘ಏನಾಗಿದೆಯಪ್ಪಾ ನಿಂಗೆ?’ ಎಂದು ಒಬ್ಬರಾದರೂ ಕೇಳುತ್ತಿದ್ದರು. ಅಲ್ಲಿ ಇಳಿಯುವುದೆಂದರೆ ಒಳ್ಳೆಯದು. ಅಲ್ಲಿಯ ಧರ್ಮವೇ ಅದು. ಆ ಜನರಿಗೆ ಆ ಪ್ರಶ್ನೆ ಬಾಯಿಗೆ ಬರುವಂತೆಯೇ ಇರಲಿಲ್ಲ.

ಜನವರಿಯಲ್ಲಿ ಕಿರೀಟ ಇಟ್ಟರು, ನೋಡಲು ನಾನೂ ಹೋಗಿದ್ದೆ. ರಟ್ಟಿನ ಕಿರೀಟ, ಹೊಳೆಯುವ ಹಾಳೆ ಸುತ್ತಿದ್ದು. ಅದು ಅವನ ಹುಬ್ಬಿನವರೆಗೆ ಜಾರಿತು. “ತಲೆನೂ ಇಳಿದಿದೆ!” ಎಂದು ಅವನೇ ನಗಿಸಿದ. ಮಾತಾಡು ಎಂದಾಗ ಹೆಂಡತಿಯನ್ನು ಮುಂದೆ ಕರೆದು, “ರಾಜ ನಾನಲ್ಲ, ನಾನು ಬರೀ ತಿಂದೋನು. ಮಾಡಿದ್ದು ಇವಳು,” ಎಂದು ಕಿರೀಟ ತೆಗೆದು ಅವಳ ತಲೆಗಿಟ್ಟ. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ, ಹಿಮದ ಬಿಳುಪು ಅಡುಗೆಮನೆಯ ಕಿಟಕಿಯಿಂದ ಒಳಗೆ ಬೀಳುತ್ತಿದ್ದಾಗ, ಕಾಫಿ ಬಗ್ಗಿಸುತ್ತ ಆರ್ಡಿಸ್ ಗಂಡನ ಕಣ್ಣು ನೋಡಿದಳು. ಹಳದಿ. ಅವತ್ತೇ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಹೊಟ್ಟೆಯ ಹಿಂದೆ ಅವಿತಿರುವ ಮೇದೋಜೀರಕ ಎಂಬ ಗ್ರಂಥಿಯಲ್ಲಿ ಗಡ್ಡೆ, ಯಕೃತ್ತಿಗೂ ಹಬ್ಬಿದೆ ಎಂದರು. ಕೊಯ್ದು ತೆಗೆಯುವ ಕಾಲ ದಾಟಿತ್ತು. ಬೇಟೆಯ ದಿನ ಅವನು ಬೈದ ಸೀಟಿನದು ಏನೂ ತಪ್ಪಿರಲಿಲ್ಲ.

ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಮಂಗಳವಾರ ನೇರ ಚರ್ಚಿನ ನೆಲಮಾಳಿಗೆಗೆ ಇಳಿದೆ. ಹೆಂಗಸರು ಬೂಟು ಬಿಚ್ಚುತ್ತಿದ್ದರು.

“ಸಾಯ್ತಿರೋನಿಗೆ ಚಪ್ಪಾಳೆ ಹೊಡೆದ್ರಲ್ರೇ! ಕಿರೀಟ ಇಟ್ರಲ್ರೇ! ಕಣ್ಣಿಲ್ವಾ ನಿಮಗೆ? ವಾರ ವಾರ ತಕ್ಕಡಿ ನೋಡ್ತೀರಿ, ಮನುಷ್ಯನ ಮುಖ ಒಂದ್ಸಲ ನೋಡ್ಲಿಲ್ವಾ?”

ಯೂನಿಸ್ ಕುರ್ಚಿ ಹಿಡಿದುಕೊಂಡು ನಿಂತಳು. “ವಾರ ವಾರ ಅವನ ಕೈ ಕುಲುಕಿದ್ದು ನಾನು, ಲೈಲ್,” ಎಂದಳು. “ಎಲುಬು ಸಿಗ್ತಿತ್ತು ಕೈಗೆ. ಸಿಕ್ಕಿದಷ್ಟೂ ಖುಷಿಪಟ್ಟೆ. ಬೈ, ಇನ್ನೂ ಬೈ.”

ಮೆಟ್ಟಿಲು ಹತ್ತಿ ಬಂದೆ. ವಿಷಯ ಆರ್ಡಿಸ್ ಕಿವಿಗೆ ಬಿತ್ತು. ಫೋನಿನಲ್ಲಿ, “ಅವರನ್ನ ಯಾಕೋ ಬೈದೆ? ಸೀಸೆ ತಗೊಂಡು ಹೋಗಿದ್ದು ನಾನು,” ಎಂದು ಇಟ್ಟುಬಿಟ್ಟಳು.

ಡಾಕ್ಟರು ಈಗ ಅವಳಿಗೆ ಹೇಳಿದ್ದು ಒಂದೇ. ಏನು ಬೇಕಾದರೂ ತಿನ್ನಿಸಿ, ತೂಕ ಇಳಿಯಲು ಬಿಡಬೇಡಿ. ವರ್ಷವಿಡೀ ಕೆನೆಯನ್ನು ಮನೆಯಿಂದ ಓಡಿಸಿದವಳು ಕೆನೆಯನ್ನು ಡಬ್ಬಿಗಟ್ಟಲೆ ತಂದಳು. ಹಳೆಯ ಬೆಳ್ಳುಳ್ಳಿ ಡ್ರೆಸ್ಸಿಂಗನ್ನು ಹಿಂದೆಂದೂ ಮಾಡದಷ್ಟು ದಪ್ಪಗೆ ಮಾಡಿದಳು. ನಾಲ್ಕು ಮೊಟ್ಟೆಯ ಹಳದಿ, ಎಣ್ಣೆ, ನೀಲಿ ಚೀಸು. ಲೆಟ್ಯೂಸ್ ಹೋಗಲಿ, ಆಲೂಗಡ್ಡೆಯ ಮೇಲೆ ಸುರಿದಳು, ಮಾಂಸದ ಮೇಲೆ ಸುರಿದಳು.

ಡೆಲ್ಮರ್ ಅವಳ ಮುಖ ನೋಡಿಕೊಂಡು ತಿಂದ. “ಆಹಾ, ಹಳೇ ಸ್ನೇಹಿತ ಬಂದ,” ಎಂದ. ಅರ್ಧ ಗಂಟೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಡಚಿಹೋದ. ತಿಂದದ್ದೆಲ್ಲ ಹೊರಗೆ ಬಂತು. ಮರುದಿನ ಸ್ವಲ್ಪ ಕಡಿಮೆ ಹಾಕಿದಳು, ಹಾಗೇ ಆಯಿತು. ಆಸ್ಪತ್ರೆಯಿಂದ ಗುಳಿಗೆ ಕೊಟ್ಟರು, ಅದಕ್ಕೂ ನಿಲ್ಲಲಿಲ್ಲ. ಕೊಬ್ಬನ್ನು ಅರಗಿಸುವ ಅಂಗವೇ ಹಾಳಾದ ಮೇಲೆ ಕೆನೆ ಅವನಿಗೆ ವಿಷವಾಗಿತ್ತು. ಅವಳು ಬಿಡಲಿಲ್ಲ. ಒಂದು ವಾರ ಕೆನೆಗೂ ಅವನ ಹೊಟ್ಟೆಗೂ ಜಗಳ ಹಚ್ಚಿ ನಡುವೆ ನಿಂತಳು. ಆ ಭಾನುವಾರ ನಾನೂ ಅಲ್ಲೇ ಇದ್ದೆ. ಅವನು ಚಮಚ ಕೆಳಗಿಟ್ಟ.

“ಆರ್ಡಿ, ಬೇಜಾರು ಮಾಡ್ಕೋಬೇಡ. ನಂಗೆ ಆ ಇನ್ನೊಂದು ಮಾಡಿಕೊಡು.”

“ಯಾವ ಇನ್ನೊಂದು?”

“ಹಗುರದ್ದು. ಎಲೆ ಮೇಲೆ.”

“ಅದ್ರಲ್ಲಿ ಏನೂ ಇಲ್ಲ ಡೆಲ್ಮರ್!” ಅವಳು ಕಿರುಚಿದಳು. “ಏನೂ ಇಲ್ಲ ಅದ್ರಲ್ಲಿ! ಏನೂ ಇರಬಾರದು ಅಂತಲೇ ಮಾಡಿದ್ದು!”

“ಗೊತ್ತು ಕಣೇ. ಅದಕ್ಕೇ ಹೊಟ್ಟೆಲಿ ನಿಲ್ಲುತ್ತೆ.”

ನಾನು ಎದ್ದು ಫ್ಯಾಕ್ಟರಿಗೆ ಹೋಗಿ ಒಣ ಹರಳು ತಂದೆ. ಅವಳು ಮಿಕ್ಸಿಯ ಮುಂದೆ ನಿಂತು ತಿರುವಿದಳು. ಅವನು ಮೂರು ಎಲೆ ತಿಂದ. ನಿಂತವು. ಅವತ್ತಿನಿಂದ ಕೊನೆಯ ತನಕ ಅವನ ಬಾಯಿಗೆ ಹಿತವಾಗಿ ಇಳಿದದ್ದು ಅದೊಂದೇ. ದಿನವೂ ಮಾಡಿದಳು. ತುತ್ತು ತುತ್ತಿಗೂ ಗಂಡ ಸತ್ವವಿಲ್ಲದೆ ಕರಗುವುದು ಕಾಣುತ್ತಿದ್ದರೂ ತನ್ನ ಕೈಯಾರೆ ಮಾಡಿ ಬಡಿಸಿದಳು. ಒಮ್ಮೆ ಮಿಕ್ಸಿಗೆ ಕದ್ದು ಒಂದು ಚಮಚ ಎಣ್ಣೆ ಬಿಟ್ಟಳಂತೆ. ಅವನು ತಿಂದು ನರಳಿದ. ಮತ್ತೆ ಅಂಥ ಕೆಲಸಕ್ಕೆ ಕೈ ಹಾಕಲಿಲ್ಲ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ನನ್ನೆದುರೇ ಅವನ ದಿಂಬು ಸರಿಮಾಡುತ್ತ ಕೇಳಿದಳು, “ಬೆನ್ನು ನೋವು ಬೇಟೆ ಟೈಮಿಂದ ಇತ್ತಲ್ಲ. ಯಾಕೆ ಹೇಳ್ಲಿಲ್ಲ ನಂಗೆ?”

“ಸೀಟು ಅಂದ್ಕೊಂಡೆ.”

“ಬರೀ ಸೀಟು ಅಂತಲೇ ಅಂದ್ಕೊಂಡ್ಯಾ?”

“ಪ್ಯಾಂಟು ಜಾರ್ತಿತ್ತು, ಊಟ ಸೇರ್ತಿರ್ಲಿಲ್ಲ. ಏನೋ ಸರಿಯಿಲ್ಲ ಅಂತ ಒಂದೊಂದ್ಸಲ ಅನ್ನಿಸ್ತಿತ್ತು. ಆದ್ರೆ ಎಲ್ರೂ ನಿನ್ನ ಕೈಗುಣ ಅಂತಿದ್ರಲ್ಲ. ನಾನೂ ಅದನ್ನೇ ನಂಬಿದೆ ಆರ್ಡಿ. ನಂಬೋಕೆ ಚೆನ್ನಾಗಿತ್ತು.”

ಅವಳು ಅವನ ಕಾಲ ಬಳಿ ಕೂತಳು. ನಾನು ಕೋಣೆಯಿಂದ ಹೊರಗೆ ಬಂದು, ಏನೂ ತಪ್ಪು ಮಾಡದ ಅವರ ಕಟ್ಟಿಗೆ ಗೂಡಿನ ಬಾಗಿಲಿಗೆ ಒದ್ದೆ.

ಏಪ್ರಿಲ್‌ನಲ್ಲಿ, ರಸ್ತೆ ಬದಿಯ ಕೊನೆಯ ಹಿಮ ಕೊಳೆಯಾಗಿ ಕರಗುತ್ತಿದ್ದಾಗ, ಡೆಲ್ಮರ್ ಹೋದ. ಶವಪೆಟ್ಟಿಗೆ ಎತ್ತಲು ನಾವು ಆರು ಜನ ಗಟ್ಟಿಯಾಗಿ ಕಾಲೂರಿ ನಿಂತಿದ್ದೆವು. ಎತ್ತಿದರೆ ಮರದ್ದಷ್ಟೇ ಭಾರ. ನನ್ನ ಎದುರು ಹಿಡಿದಿದ್ದ ಕೌಂಟಿಯ ಡ್ರೈವರ್ ನನ್ನ ಮುಖ ನೋಡಿ ತಟ್ಟನೆ ಕಣ್ಣು ತಗ್ಗಿಸಿದ.

ಮಣ್ಣು ಮಾಡಿದ ಎರಡು ವಾರಕ್ಕೆ ಆರ್ಡಿಸ್ ಮನೆಗೆ ಹೋದೆ. ಮೇಜಿನ ಬಳಿ ಸುಮ್ಮನೆ ಕೂತಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ.

“ಒಂದು ಕೇಳ್ತೀನಿ ಲೈಲ್. ಸಮಾಧಾನ ಹೇಳ್ಬೇಡ.”

“ಕೇಳು.”

“ನಾನು ಅದನ್ನ ಮಾಡ್ದೇ ಇದ್ದಿದ್ರೆ, ಅವನು ಇಳಿಯೋಕೆ ಶುರುವಾದಾಗ ನಂಗೆ ಭಯ ಆಗ್ತಿತ್ತು. ಅವತ್ತೇ ಎಳ್ಕೊಂಡು ಹೋಗ್ತಿದ್ದೆ ಆಸ್ಪತ್ರೆಗೆ. ಬೇಟೆ ಟೈಮಲ್ಲೇ. ಹೋಗಿದ್ರೆ ಉಳೀತಿದ್ನಾ?”

“ಡಾಕ್ಟ್ರು ಏನಂದ್ರು?”

“ಏನೂ ವ್ಯತ್ಯಾಸ ಆಗ್ತಿರ್ಲಿಲ್ಲ ಅಂದ್ರು. ಪಾದ್ರಿ ಹಾಗೇ ಅಂದ್ರು. ಯೂನಿಸ್ ತಬ್ಕೊಂಡು ಅಂದ್ಳು. ನೀನು ಹೇಳು.”

ಬಾಯಿ ತೆರೆದರೆ ಬೈಗುಳ ಬರುವ ಮನುಷ್ಯ ನಾನು. ಆವತ್ತು ಬಯ್ಯಲು ಯಾರೂ ಸಿಗಲಿಲ್ಲ. ‘ಇಲ್ಲ ಆರ್ಡಿಸ್, ನಿಂದೇನೂ ತಪ್ಪಿಲ್ಲ’ ಎನ್ನಬೇಕಿತ್ತು. ತಪ್ಪಿಲ್ಲ ಎನ್ನುವುದು ನಿಜವೇ. ಆದರೆ ಅವಳು ಕೇಳಿದ್ದು ಅದನ್ನಲ್ಲ.

“ಗೊತ್ತಿಲ್ಲ,” ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಮುಖ ಮುಚ್ಚಿಕೊಂಡು, ಗಂಡ ಸತ್ತಾಗಲೂ ಅಳದ ಹಾಗೆ ಅತ್ತಳು. ಮೇಜು ಅಲುಗುತ್ತಿತ್ತು. ನಾನು ಪಕ್ಕದ ಕುರ್ಚಿ ಎಳೆದು ಕೂತೆ. ಬಹಳ ಹೊತ್ತಿನ ಮೇಲೆ ಮೂಗೊರೆಸಿಕೊಂಡು, “ಹ್ಞೂಂ. ನಂಗೂ ಗೊತ್ತಿಲ್ಲ,” ಎಂದಳು. “ಊಟ ಮಾಡಿದ್ಯಾ?”

ಮುಂದಿನ ಶುಕ್ರವಾರದಿಂದ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ಈಗಲೂ ಹೋಗುತ್ತಾಳೆ. ಕೆನೆಯ ಡ್ರೆಸ್ಸಿಂಗ್ ಹಿಂದಿನಂತೆಯೇ ಮಾಡುತ್ತಾಳೆ, ರುಚಿ ಕೂದಲೆಳೆಯಷ್ಟೂ ಕೆಟ್ಟಿಲ್ಲ. ಹಗುರದ್ದನ್ನು ಹೇಗೆ ಮಾಡುವುದೆಂದು ಯಾರು ಕೇಳಿದರೂ ಬಿಡಿಸಿ ಹೇಳುತ್ತಾಳೆ, ಯಾವುದನ್ನೂ ಮುಚ್ಚಿಡುವುದಿಲ್ಲ. ತಾನು ಮಾತ್ರ ಮಾಡುವುದಿಲ್ಲ. ತಟ್ಟೆ ಒಯ್ಯುವ ಹುಡುಗಿ ಒಳಗೆ ಬಂದು, “ಕಿಟಕಿ ಮೇಜಿನೋರು ಹಗುರದ್ದು ಕೇಳ್ತಿದಾರೆ ಆರ್ಡಿಸ್,” ಎಂದರೆ, ಎಲೆಯ ಮೇಲೆ ಹಿಂಡಿಕೊಳ್ಳಲೆಂದು ಒಂದು ನಿಂಬೆಹಣ್ಣನ್ನು ಎರಡು ಹೋಳು ಮಾಡಿ ಬಟ್ಟಲಿಗಿಟ್ಟು ಕಳಿಸುತ್ತಾಳೆ.